ಅಶ್ವತ್ಥರ ಕಂಠವೂ ನಮ್ಮ ಮಡಿವಂತಿಕೆಯೂ

ಕಳೆದ ತಿಂಗಳು ಬೆಂಗಳೂರಿನಲ್ಲಿ ನಮ್ಮ ಬಂಧುಗಳೊಬ್ಬರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ ಒಳಕೋಣೆಯಲ್ಲಿ ಯಾರೋ ಸಿ. ಅಶ್ವತ್ಥ್ ಅವರ ಹಾಡೊಂದನ್ನು ಹಾಕಿದರು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಸಂಗೀತ ಬಲ್ಲವರೆಂದು ನಮ್ಮ ಬಳಗದಲ್ಲಿ ಹೆಸರಾದವರು. ಅವರು ಮುಖ ಸಿಂಡರಿಸಿ, "ಇದು ಹಾಡಲ್ಲ ಮೇಷ್ಟ್ರೇ, ಅರಚಾಟ. ಕವಿತೆಯನ್ನು ಕೂಗಿ ಕೂಗಿ ಕೊಂದುಬಿಟ್ಟರು. ಅತ್ತ ಶಾಸ್ತ್ರೀಯವೂ ಅಲ್ಲ, ಇತ್ತ ಜಾನಪದವೂ ಅಲ್ಲ" ಎಂದರು. ನಾಲ್ಕಾರು ಮಂದಿ ಹೌದೌದೆಂದು ತಲೆಯಾಡಿಸಿದರು. ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಸುಮ್ಮನೆ ಕುಳಿತಿದ್ದೆ.

ಅಂದು ಸುಮ್ಮನಿದ್ದದ್ದು ತಪ್ಪಾಯಿತೆಂದು ಮನೆಗೆ ಬಂದ ಮೇಲೆ ಅನ್ನಿಸಿತು. ಈ ವಿಷಯದಲ್ಲಿ ನನ್ನ ಮೇಲೆ ಹಳೆಯದೊಂದು ಸಾಲವಿದೆ. ಅದನ್ನು ತೀರಿಸುವ ನೆವದಲ್ಲಿ, ಪಂಕ್ತಿಯಲ್ಲಿ ಹೇಳಬೇಕಾಗಿದ್ದ ಮಾತನ್ನು ಇಲ್ಲಿ ಹೇಳುತ್ತೇನೆ. ನಾನು ಸಂಗೀತಗಾರನಲ್ಲ, ರಾಗದ ಹೆಸರು ಕೇಳಿದರೆ ತಡವರಿಸುವವನು. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಪದ್ಯ ಪಾಠ ಮಾಡಿದವನು. ಕವಿತೆ ಕೊಲೆಯಾಗುವುದು ಎಲ್ಲಿ, ಯಾರ ಕೈಯಲ್ಲಿ ಎಂಬುದು ನನಗೆ ಚೆನ್ನಾಗಿ ತಿಳಿದಿದೆ.

ಮೊದಲು ಆ ಮನುಷ್ಯನ ಬದುಕನ್ನು ಒಮ್ಮೆ ನೋಡೋಣ. ಅಶ್ವತ್ಥ್ ಅವರು ಹುಟ್ಟಿದ್ದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ, ೧೯೩೯ರ ಡಿಸೆಂಬರ್ ೨೯ರಂದು. ಓದಿದ್ದು ವಿಜ್ಞಾನ. ಹೊಟ್ಟೆಪಾಡಿಗೆ ಹಿಡಿದದ್ದು ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯ ನೌಕರಿ. ಅಲ್ಲಿ ೨೭ ವರ್ಷ ದುಡಿದರು. ಹಾಡನ್ನೇ ನಂಬಿ ಬದುಕುವ ಅನುಕೂಲ ಅವರಿಗೆ ಇರಲಿಲ್ಲ. ಹಗಲು ಟೆಲಿಫೋನ್ ಕಾರ್ಖಾನೆ, ಸಂಜೆ ನಾಟಕದ ತಾಲೀಮು, ಹಾಡಿನ ಅಭ್ಯಾಸ. ದೇವಗಿರಿ ಶಂಕರರಾವ್ ಜೋಶಿಯವರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಕಲಿತಿದ್ದರು. 'ಶಾಸ್ತ್ರೀಯ ಬಾರದವರು' ಎನ್ನುವವರು ಇದನ್ನು ಗಮನಿಸಬೇಕು. ಶಾಸ್ತ್ರ ತಿಳಿದೂ ಅವರು ಬೇರೊಂದು ದಾರಿಯನ್ನು ಆರಿಸಿಕೊಂಡರು.

ರಂಗಭೂಮಿಯಿಂದ ಅವರು ಚಿತ್ರರಂಗಕ್ಕೆ ಬಂದರು. ಮಾಸ್ತಿಯವರ ನಾಟಕವನ್ನು ಆಧರಿಸಿ ಸಿ. ಆರ್. ಸಿಂಹ ನಿರ್ದೇಶಿಸಿದ 'ಕಾಕನಕೋಟೆ'ಗೆ ಸಂಗೀತ ಕೊಟ್ಟರು. ಕಾಡಿನ ಮಂದಿಯ ಆ ಕಥೆಯಲ್ಲಿ ಕೇಳಿದ ತೆರೆದ ಕಂಠ ಅದುವರೆಗಿನ ಸಿನಿಮಾ ಹಾಡಿನ ಕಂಠವಾಗಿರಲಿಲ್ಲ. ಎಲ್. ವೈದ್ಯನಾಥನ್ ಅವರೊಡನೆ ಸೇರಿ ಅಶ್ವತ್ಥ್–ವೈದಿ ಎಂಬ ಜೋಡಿ ಹೆಸರಿನಲ್ಲಿ 'ಆಲೆಮನೆ'ಯಂತಹ ಚಿತ್ರಗಳಿಗೆ ದುಡಿದರು. ಮುಂದೆ ೧೯೯೦ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ', ೧೯೯೨ರಲ್ಲಿ 'ಮೈಸೂರ ಮಲ್ಲಿಗೆ', ೧೯೯೩ರಲ್ಲಿ 'ಚಿನ್ನಾರಿ ಮುತ್ತ', ೧೯೯೭ರಲ್ಲಿ 'ನಾಗಮಂಡಲ' ಬಂದವು. ಇವುಗಳ ನಡುವೆ ಎಷ್ಟೋ ಭಾವಗೀತೆಗಳ ಕ್ಯಾಸೆಟ್ಟುಗಳು. ೨೦೦೫ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಲಕ್ಷದ ಲೆಕ್ಕದಲ್ಲಿ ಜನ ಸೇರಿದ್ದರೆಂದು ವರದಿಯಾಯಿತು. ಅಂದು ಅಷ್ಟು ಜನ ಸೇರಿದ್ದು ಕನ್ನಡ ಕವಿತೆಯನ್ನು ಕೇಳುವುದಕ್ಕೆ. ನಮ್ಮ ಯಾವ ವಿದ್ವತ್ ಗೋಷ್ಠಿಗೆ ಅದರ ನೂರರಲ್ಲಿ ಒಂದು ಪಾಲು ಬಂದಿದೆ?

ಈ ದಾರಿಯನ್ನು ಮೊದಲು ತುಳಿದವರು ಅವರಲ್ಲ, ನಿಜ. ಪಿ. ಕಾಳಿಂಗರಾಯರು ಗ್ರಾಮಫೋನಿನ ಕಾಲದಲ್ಲಿಯೇ ಜನಪದ ಗೀತೆಗಳನ್ನೂ ನವೋದಯ ಕವಿಗಳನ್ನೂ ಒಂದೇ ವೇದಿಕೆಗೆ ತಂದಿದ್ದರು. ಮೈಸೂರು ಅನಂತಸ್ವಾಮಿಯವರು ರಾಜರತ್ನಂ ಅವರ ಹಳ್ಳಿಗನ್ನಡದ ಪದಗಳನ್ನು ಹಾಡಿ ಮನೆಮಾತಾಗಿಸಿದ್ದರು. ಅವರ ಸಂಗೀತದಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ೧೯೭೮ರಲ್ಲಿಯೇ ಕ್ಯಾಸೆಟ್ಟಾಗಿ ಬಂದಿತ್ತು. ಕಾಳಿಂಗರಾಯರದು ಜೇನಿನಂತಹ ದನಿ, ಅನಂತಸ್ವಾಮಿಯವರದು ಹದವಾದ ದನಿ. ಅವರನ್ನು ನಮ್ಮ ಮಡಿವಂತರು ಹೇಗೋ ಒಪ್ಪಿಕೊಂಡರು. ಅಶ್ವತ್ಥರದು ಮಾತ್ರ ತಾರಸ್ಥಾಯಿಗೆ ಏರಿ ಅಲ್ಲಿಯೇ ನಿಲ್ಲುವ, ಅಂಚು ಮಾಸದ, ಸ್ವಲ್ಪ ಒರಟಾದ ದನಿ. ಅದನ್ನೇ 'ಅರಚಾಟ' ಎಂದದ್ದು.

ಆ ದನಿ ಯಾರ ಕಿವಿಗೆ ಬೇಕಾಗಿತ್ತು ಎಂಬುದನ್ನು ನಾನು ಮಾಕಳಿದುರ್ಗದ ಸೀಮೆಯಲ್ಲಿ ಕಂಡವನು.

ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ದೂರದ ಊರುಗಳಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳಿಗಾಗಿ ಹೇಳುತ್ತೇನೆ. ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿನ ಕಡೆಗೆ ಹೋಗುವ ರೈಲು ಮಾಕಳಿ ಬೆಟ್ಟದ ಬುಡವನ್ನು ಬಳಸಿಕೊಂಡು ಹೋಗುತ್ತದೆ. ಬೆಟ್ಟದ ಮೇಲೆ ಹಳೆಯ ಕೋಟೆ, ಕೆಳಗೆ ಒಂದು ಪುಟ್ಟ ನಿಲ್ದಾಣ. ಒಂದು ಕಡೆಗೆ ದನಗಳ ಜಾತ್ರೆಗೆ ಹೆಸರಾದ ಘಾಟಿ ಸುಬ್ರಹ್ಮಣ್ಯ, ಇನ್ನೊಂದು ಕಡೆಗೆ ಮಗ್ಗಗಳ ಊರಾದ ದೊಡ್ಡಬಳ್ಳಾಪುರ. ವಿದ್ಯುತ್ ಮಗ್ಗದ ಮನೆಯೊಳಗೆ ಹೋದವರಿಗೆ ಗೊತ್ತು, ಅಲ್ಲಿ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಆ ಸದ್ದಿನ ನಡುವೆ ಗೂಡಿನಲ್ಲೊಂದು ಟೇಪ್ ರೆಕಾರ್ಡರ್ ಇಟ್ಟು ಹಾಡು ಹಾಕುತ್ತಿದ್ದರು. ಮೆಲುದನಿಯ ಹಾಡುಗಳು ಅಲ್ಲಿ ಮುಳುಗಿಹೋಗುತ್ತಿದ್ದವು. ಮಗ್ಗದ ಸದ್ದನ್ನು ಮೀರಿ, ಮಾತು ಮಾತೂ ಬಿಡಿಬಿಡಿಯಾಗಿ ಕೇಳಿಸುತ್ತಿದ್ದ ದನಿ ಅಶ್ವತ್ಥರದು. ಬಂಧುಗಳು ಅರಚಾಟವೆಂದದ್ದು ಹನ್ನೆರಡು ಗಂಟೆ ನಿಂತು ನೇಯುವವನಿಗೆ ಕನ್ನಡ ತಲುಪಿದ ಏಕೈಕ ಮಾರ್ಗವಾಗಿತ್ತು.

ಈಗ ನನ್ನ ಸಾಲದ ವಿಷಯ. ೧೯೮೦ರ ದಶಕದ ನಡುಭಾಗ. ಎಂಟನೆಯ ತರಗತಿಯಲ್ಲಿ ನೇಕಾರರ ಮನೆಯ ಹುಡುಗನೊಬ್ಬನಿದ್ದ. ಬೆಳಗ್ಗೆ ಸಂಜೆ ಕಂಡಿಕೆ ಸುತ್ತಿ ಶಾಲೆಗೆ ಬರುತ್ತಿದ್ದ, ಬಂದು ತೂಕಡಿಸುತ್ತಿದ್ದ. ಒಂದು ದಿನ ಕಂಠಪಾಠದ ಪದ್ಯ ಒಪ್ಪಿಸೆಂದೆ. ಬಾಯಿ ಬಿಡಲಿಲ್ಲ.

"ಹೋಗಲಿ, ನಿನಗೆ ಬರುವ ಯಾವುದಾದರೂ ಒಂದು ಪದ್ಯ ಹೇಳೋ" ಎಂದೆ.

ಹುಡುಗ ಒಂದು ಕ್ಷಣ ನೆಲ ನೋಡಿದ. ಆಮೇಲೆ ತಲೆಯೆತ್ತಿ ಶಿಶುನಾಳ ಶರೀಫರ ತತ್ತ್ವಪದವನ್ನು, ಮಾಳಿಗೆ ಸೋರುವ ಮನೆಯ ಆ ಪದವನ್ನು, ಕ್ಯಾಸೆಟ್ಟಿನ ಧಾಟಿಯಲ್ಲಿಯೇ ಏರುದನಿಯಲ್ಲಿ ಹಾಡತೊಡಗಿದ. ಒಂದು ನುಡಿಯೂ ತಪ್ಪಲಿಲ್ಲ. ತರಗತಿ ಕಿಸಕ್ಕೆಂದು ನಕ್ಕಿತು. ಪಕ್ಕದ ಕೋಣೆಯ ಪಾಠ ನಿಂತಿತು. ನನಗೆ ಸಿಟ್ಟು ಬಂತು.

"ಇದೇನು ನಾಟಕದ ಡೇರೆ ಅಂದುಕೊಂಡಿದ್ದೀಯೇನೋ? ಎಲ್ಲಿ ಕಲಿತೆ ಇದನ್ನು?"

"ಮಗ್ಗದ ಮನೇಲಿ ಹಾಕ್ತಾರೆ ಸಾ."

"ಮಗ್ಗದ ಮನೆಯಲ್ಲೇ ಹಾಡಿಕೋ, ಕೂತ್ಕೋ" ಎಂದೆ. ಬೆತ್ತವನ್ನೂ ಮುಟ್ಟಿಸಿದೆನೆಂದು ನೆನಪು. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ಮನೆಯ ಬಡತನವೇ ಅದಕ್ಕೆ ಕಾರಣವೆಂದು ನನಗೆ ನಾನೇ ಹೇಳಿಕೊಂಡೆ. ಬಹುಶಃ ಅದು ನಿಜವೂ ಹೌದು. ಆದರೂ ಅವನಿಗೆ ಬರುತ್ತಿದ್ದ ಒಂದೇ ಒಂದು ಪದ್ಯವನ್ನು ಪದ್ಯವಲ್ಲವೆಂದವನು ನಾನು.

೧೯೮೦ರ ದಶಕಕ್ಕೆ ಮೊದಲು ನಮ್ಮ ಸೀಮೆಯ ಮಗ್ಗದ ಮನೆಗಳಲ್ಲಿ ಶರೀಫರ ಹೆಸರು ಯಾರಿಗೆ ಗೊತ್ತಿತ್ತು? ಅವರು ಶಿಗ್ಗಾವಿ ತಾಲ್ಲೂಕಿನ ಶಿಶುನಾಳದವರು, ೧೮೧೯ರಿಂದ ೧೮೮೯ರವರೆಗೆ ಬದುಕಿದ್ದವರು. ಕಳಸದ ಗೋವಿಂದಭಟ್ಟರ ಶಿಷ್ಯರು. ಸ್ವಲ್ಪ ಕಾಲ ನಮ್ಮ ಹಾಗೆ ಶಾಲೆಯ ಮಾಸ್ತರಿಕೆಯನ್ನೂ ಮಾಡಿದವರು. ಅವರ ಊರಿಗೂ ಮಾಕಳಿದುರ್ಗಕ್ಕೂ ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ದೂರ. ನಮ್ಮ ಭಜನೆ ಮನೆಗಳಲ್ಲಿ ಕೈವಾರದ ತಾತಯ್ಯನವರ ತೆಲುಗು, ಕನ್ನಡ ಪದಗಳಿದ್ದವು, ಶರೀಫರಿರಲಿಲ್ಲ. ಧಾರವಾಡ ಸೀಮೆಯ ಆ ಕನ್ನಡ ತೆಲುಗು ಗಡಿಗೆ ಹತ್ತಿರದ ನಮ್ಮ ಊರಿಗೆ ಬಂದದ್ದು ಪಠ್ಯಪುಸ್ತಕದಿಂದಲ್ಲ, ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣನವರ ಕಂಠದಿಂದ. 'ಕಾಡು ಕುದುರೆ'ಯ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಸುಬ್ಬಣ್ಣನವರೂ ೨೦೨೨ರಲ್ಲಿ ನಮ್ಮನ್ನಗಲಿದರು.

ಅಶ್ವತ್ಥರ ಮೇಲಿನ ಆರೋಪಗಳಲ್ಲಿ ಒಂದನ್ನು ಮಾತ್ರ ನಾನು ಅಲ್ಲಗಳೆಯಲಾರೆ. ಉತ್ತರ ಕರ್ನಾಟಕದ ಭಜನಾ ಮೇಳಗಳು ಏಕತಾರಿ, ದಮ್ಮಡಿ, ತಾಳ ಹಿಡಿದು ಶರೀಫರನ್ನು ಹಾಡುವ ರೀತಿ ಬೇರೆ. ಅಲ್ಲಿ ಅವಸರವಿಲ್ಲ, ಒಬ್ಬ ಎತ್ತಿಕೊಟ್ಟದ್ದನ್ನು ಹತ್ತು ಮಂದಿ ಹಿಂದಿರುಗಿಸುತ್ತ, ಒಂದೇ ನುಡಿಯಲ್ಲಿ ಬಹಳ ಹೊತ್ತು ನೆಲೆಸುತ್ತಾರೆ. ಅಶ್ವತ್ಥರು ಅದಕ್ಕೆ ವಾದ್ಯವೃಂದವನ್ನು ಕೂಡಿಸಿದರು, ವೇಗ ಕೊಟ್ಟರು, ನಾಟಕೀಯತೆಯನ್ನು ತಂದರು. ಹಳೆಯ ಮೈಸೂರಿನ ನಾವು ಶರೀಫರೆಂದರೆ ಇಷ್ಟೇ ಎಂದುಕೊಂಡೆವು. ಇದು ನಷ್ಟ, ಒಪ್ಪುತ್ತೇನೆ. ಆದರೆ ದೋಷ ಯಾರದು? ಬಾಗಿಲು ತೆರೆದವನದೇ, ಹೊಸ್ತಿಲಲ್ಲಿಯೇ ಕುಳಿತುಬಿಟ್ಟ ನಮ್ಮದೇ? ಕ್ಯಾಸೆಟ್ಟು ಕೇಳಿ ಮೆಚ್ಚಿದ ಎಷ್ಟು ಮಂದಿ ಶಿಶುನಾಳಕ್ಕೆ ಹೋಗಿ ಒಂದು ರಾತ್ರಿ ಭಜನೆಗೆ ಕುಳಿತೆವು?

ಈ ಜಗಳ ನಮ್ಮಲ್ಲಿ ಮಾತ್ರವೂ ಅಲ್ಲ. ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಿಂದೊಮ್ಮೆ ಅಲ್ಲಿಯ 'ಕಂಟ್ರಿ' ಹಾಡುಗಳನ್ನು ಕೇಳಿಸಿದ. ಹಳ್ಳಿಗಾಡಿನ ಪಿಟೀಲು, ಗಿಟಾರುಗಳ ಹಾಡು ಅದು. ೧೯೫೦ರ ದಶಕದ ಕೊನೆಗೆ ನ್ಯಾಶ್‌ವಿಲ್ ನಗರದಲ್ಲಿ ಚೆಟ್ ಅಟ್ಕಿನ್ಸ್ ಮೊದಲಾದವರು ಹಳ್ಳಿಯ ಪಿಟೀಲನ್ನು ಹಿಂದಕ್ಕೆ ಸರಿಸಿ, ನಯವಾದ ತಂತಿವಾದ್ಯಗಳನ್ನೂ ಹಿನ್ನೆಲೆಯ ಮೇಳಗಾನವನ್ನೂ ಸೇರಿಸಿದಾಗ, ಹಳ್ಳಿಯ ಹಾಡು ಹಾಳಾಯಿತೆಂದು ಅಲ್ಲಿಯ ಮಡಿವಂತರೂ ಗೊಣಗಿದರಂತೆ. ಆ ಹೊಸ ಧಾಟಿಯಲ್ಲಿ ಹಾಡಿ, ೧೯೬೩ರ ವಿಮಾನಾಪಘಾತದಲ್ಲಿ ತೀರಿಕೊಂಡ ಪ್ಯಾಟ್ಸಿ ಕ್ಲೈನ್ ಎಂಬಾಕೆಯನ್ನು ಇಂದು ಅದೇ ಪರಂಪರೆಯ ಹೆಮ್ಮೆಯೆಂದು ಕೊಂಡಾಡುತ್ತಾರೆ. ನಮ್ಮಲ್ಲಿ ರಘು ದೀಕ್ಷಿತ್ ಶರೀಫರ ಪದಗಳನ್ನು ಗಿಟಾರಿನೊಡನೆ ಹಾಡಿದಾಗ, 'ಅಶ್ವತ್ಥರು ಹಾಡಿದ ಹಾಗಿಲ್ಲ' ಎಂದು ದೂರಿದವರನ್ನು ನಾನೇ ಕಂಡಿದ್ದೇನೆ. ನಿನ್ನೆಯ ಅಪಚಾರವೇ ಇಂದಿನ ಸಂಪ್ರದಾಯ!

ಅಶ್ವತ್ಥ್ ಅವರು ತೀರಿಕೊಂಡದ್ದು ೨೦೦೯ರ ಡಿಸೆಂಬರ್ ೨೯ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ. ಮರುದಿನ ವಿಷ್ಣುವರ್ಧನ್ ತೀರಿಕೊಂಡರು. ನಾಡಿನ ದುಃಖವೆಲ್ಲ ಸಹಜವಾಗಿಯೇ ಆ ಕಡೆಗೆ ಹರಿಯಿತು. ಗಾಯಕನಿಗೆ ಸಲ್ಲಬೇಕಾಗಿದ್ದ ಮಾತುಗಳು ಅರ್ಧಕ್ಕೇ ನಿಂತವು.

ಆ ವಾರದ ಕೊನೆಯಲ್ಲಿ ನಮ್ಮ ಮನೆಗೆ ನಡುವಯಸ್ಸಿನವನೊಬ್ಬ ಬಂದ. ಗುರುತು ಸಿಗಲಿಲ್ಲ. ಹೇಳಿಕೊಂಡ ಮೇಲೆ ತಿಳಿಯಿತು, ಅದೇ ಹುಡುಗ. ಸ್ವಂತಕ್ಕೆ ನಾಲ್ಕು ಮಗ್ಗ ಹಾಕಿಕೊಂಡಿದ್ದ. ಕಾಫಿ ಕುಡಿದು ಲೋಟ ಕೆಳಗಿಟ್ಟು ಕೇಳಿದ:

"ಸಾ, ಆವತ್ತು ನಾನು ಒಂದು ಪದ ಹೇಳಿದ್ದೆ, ಗ್ಯಾಪಕ ಐತಾ? ಆಗ ನಮ್ಮ ಮನೆ ಹೆಂಚು ಸೋರ್ತಿತ್ತು. ಅದಕ್ಕೇ ಆ ಪದ ಬಾಯಿಗೆ ಹತ್ತಿಬಿಡ್ತು. ಆದ್ರೆ ಅದು ಬರೀ ಮನೆ ಸೋರೋ ವಿಷಯ ಅಲ್ಲ ಅಂತಾರೆ. ಅದರರ್ಥ ಏನು ಸಾ?"

ಇಪ್ಪತ್ತೈದು ವರ್ಷ ಆ ಪದ ಅವನ ಬಾಯಲ್ಲಿತ್ತು. ಹಾಡಿದವರು ತಮ್ಮ ಪಾಲಿನ ಕೆಲಸವನ್ನು ಮಾಡಿ ಮುಗಿಸಿ ಹೋಗಿದ್ದರು. ಅರ್ಥ ಹೇಳುವುದು ನನ್ನ ಕೆಲಸ. ಅದಕ್ಕೆ ಸರ್ಕಾರ ನನಗೆ ಸಂಬಳ ಕೊಟ್ಟಿತ್ತು. ನಾನು ಮಾತ್ರ ಅವನನ್ನು ಕುಳ್ಳಿರಿಸಿದ್ದೆ.

ಅಂದು ಹೇಳಿದೆ. ಮನೆಯೆಂದರೆ ಈ ದೇಹವೂ ಮನಸ್ಸೂ, ಸೋರುವುದು ಅಜ್ಞಾನದಿಂದ, ಅದನ್ನು ಸರಿಪಡಿಸಲು ಹೊರಗಿನವರು ಬರುವುದಿಲ್ಲ, ನಾವೇ ಏರಬೇಕು ಎಂದೆ. ಹೇಳುತ್ತಿದ್ದ ಹಾಗೆ, ಸೋರಿದ್ದು ಯಾರ ಮನೆಯೆಂಬುದು ನನಗೇ ತಿಳಿದು ದನಿ ಕಟ್ಟಿತು. ಅವನು, "ಅಂಗಾ ಸಾ" ಎಂದು ತಲೆದೂಗಿ, ಮಗ್ಗ ನಿಲ್ಲಿಸಿ ಬಂದಿದ್ದೇನೆಂದು ಹೊರಟುಹೋದ.

ಆದ್ದರಿಂದ ಪಂಕ್ತಿಯಲ್ಲಿ ತಲೆಯಾಡಿಸಿದ ಬಂಧುಗಳೇ, ಕವಿತೆಯನ್ನು ಕೊಂದವರು ಅಶ್ವತ್ಥರಲ್ಲ. ಅರ್ಥ ಹೇಳದೆ ಕಂಠಪಾಠ ಮಾಡಿಸಿದ, ಐದು ಅಂಕದ ಸಾರಾಂಶವಾಗಿ ಬರೆಸಿದ, ಹಾಡಿದವನನ್ನು ಕುಳ್ಳಿರಿಸಿದ ನನ್ನಂತಹವರು ಕೊಂದೆವು. ಅವರ ದನಿ ನಿಮಗೆ ಹಿಡಿಸದಿದ್ದರೆ ದೂರವಿಲ್ಲ, ಅದು ಅವರವರ ಕಿವಿಯ ವಿಷಯ. ಆದರೆ ಆ ದನಿಯನ್ನು ಹೀಗಳೆಯುವಾಗ, ಅದರಿಂದಲೇ ಕವಿತೆಯನ್ನು ಪಡೆದವರನ್ನೂ ಹೀಗಳೆಯುತ್ತಿದ್ದೇವೆ ಎಂಬ ಎಚ್ಚರವಿರಲಿ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಮೇಷ್ಟ್ರು, ಮೇಡಮ್ಮುಗಳಾಗಿದ್ದೀರಿ. ನಿಮಗೆ ನನ್ನದೊಂದು ವಿನಂತಿ. ನಾಳೆ ತರಗತಿಯಲ್ಲಿ ಯಾವುದಾದರೂ ಮಗು ಪದ್ಯವನ್ನು ಕ್ಯಾಸೆಟ್ಟಿನ ಧಾಟಿಯಲ್ಲೋ ಮೊಬೈಲಿನಲ್ಲಿ ಕೇಳಿದ ಧಾಟಿಯಲ್ಲೋ ಎತ್ತಿಕೊಂಡರೆ ತಡೆಯಬೇಡಿ. ಪಕ್ಕದ ಕೋಣೆಯ ಪಾಠ ಐದು ನಿಮಿಷ ನಿಂತರೆ ನಿಲ್ಲಲಿ. ಪೂರ್ತಿ ಹಾಡಲು ಬಿಡಿ. ಹಾಡಿ ಮುಗಿಸಿದ ಮೇಲೆ ಹತ್ತಿರ ಕರೆದು ಅದರ ಅರ್ಥವನ್ನು ಅಂದೇ ಹೇಳಿ. ಇಪ್ಪತ್ತೈದು ವರ್ಷ ಕಾಯಿಸಬೇಡಿ.

— ನಿಮ್ಮ ಕನ್ನಡ ಮೇಷ್ಟ್ರು