ಸಲಹೆಗೂ ಸಂಬಳವುಂಟೆ?

ಜ್ವರ ಬಂದರೆ ವೈದ್ಯರಿಗೆ ಹಣ ಕೊಡುತ್ತೇವೆ. ಹೊಲದ ಗಡಿಯ ವ್ಯಾಜ್ಯವೆದ್ದರೆ ವಕೀಲರಿಗೆ ಕೊಡುತ್ತೇವೆ. ಜಾತಕ ನೋಡಿದ ಜೋಯಿಸರಿಗೂ ತಾಂಬೂಲದೊಡನೆ ದಕ್ಷಿಣೆಯಿಡಲು ಮರೆಯುವುದಿಲ್ಲ. ಆದರೆ ದುಡಿದ ಹಣವನ್ನು ಎಲ್ಲಿಡಬೇಕು, ಯಾವ ಸಾಲವನ್ನು ಮೊದಲು ತೀರಿಸಬೇಕು, ಮಗಳ ಓದಿಗೆ ತಿಂಗಳಿಗೆಷ್ಟು ಎತ್ತಿಡಬೇಕು ಎಂದು ಗಂಟೆಗಟ್ಟಲೆ ಕುಳಿತು ಲೆಕ್ಕ ಹಾಕಿ ಹೇಳಿದವನಿಗೆ ಮಾತ್ರ ಒಂದು ಲೋಟ ಕಾಫಿ ಕೊಟ್ಟರೆ ಋಣ ಹರಿಯಿತೆಂದು ಭಾವಿಸುತ್ತೇವೆ. “ಬರಿಯ ಮಾತಿಗೂ ದುಡ್ಡೇ?” ಎಂಬುದು ನಮ್ಮ ಪ್ರಶ್ನೆ. ಈ ಪ್ರಶ್ನೆಯಿಂದ ನಮಗೇ ಒದಗುವ ನಷ್ಟವೆಷ್ಟೆಂಬುದನ್ನು ಈ ವಾರ ಸ್ವಲ್ಪ ಯೋಚಿಸೋಣ.

ನಂಜನಗೂಡಿನ ಸೀಮೆಯ ಹೆಮ್ಮರಗಾಲವನ್ನು ಬಲ್ಲ ವಾಚಕರು ಅನೇಕರಿರಬಹುದು. ಅಲ್ಲಿನ ಸಂತಾನ ವೇಣುಗೋಪಾಲಸ್ವಾಮಿಯ ಸನ್ನಿಧಿಗೆ ಮಕ್ಕಳಿಲ್ಲದ ದಂಪತಿಗಳು ಹರಕೆ ಹೊತ್ತು ಬರುತ್ತಾರೆ. ದೇವರು ಕಣ್ತೆರೆದು ಮನೆಯಲ್ಲಿ ತೊಟ್ಟಿಲು ತೂಗಿತೆನ್ನಿ. ಅಲ್ಲಿಂದ ಮುಂದಿನ ಲೆಕ್ಕವೆಲ್ಲ ಮನುಷ್ಯರದು. ಇಂಥ ಊರಿನ ಸಂಸಾರಕ್ಕೆ ಭತ್ತದ ಹಣವಾಗಲಿ ಕಬ್ಬಿನ ಹಣವಾಗಲಿ ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಬರುವಂಥದು. ಮಗನೊಬ್ಬ ನಂಜನಗೂಡಿನ ಕಾರ್ಖಾನೆಯಲ್ಲಿದ್ದರೆ ತಿಂಗಳ ಸಂಬಳವೊಂದುಂಟು. ಖರ್ಚಾದರೋ ದಿನದಿನದ್ದು. ವರ್ಷದ ಹಣ, ತಿಂಗಳ ಹಣ, ದಿನದ ಖರ್ಚು, ಈ ಮೂರನ್ನೂ ಹೊಂದಿಸಿ ಆಯವ್ಯಯ ಬರೆದುಕೊಡುವ ತಿಳಿವಳಿಕಸ್ಥನೊಬ್ಬನು ಪೇಟೆಯಲ್ಲಿ ಸಣ್ಣ ಕಚೇರಿ ತೆರೆದನೆಂದು ಇಟ್ಟುಕೊಳ್ಳಿ. ಅವನ ಹೊಟ್ಟೆಪಾಡು ನಡೆಯುವುದು ಹೇಗೆ?

ಅವನಿಗಿರುವ ದಾರಿಗಳು ಎರಡು. ಸಲಹೆ ಕೇಳಿದವರಿಂದ ಶುಲ್ಕ ಪಡೆಯುವುದು ಒಂದು. ಪಾಲಿಸಿಯನ್ನೋ ಮತ್ತಾವ ಯೋಜನೆಯನ್ನೋ ಮಾರಿ, ಕಂಪನಿಯಿಂದ ಕಮಿಷನ್ ಪಡೆಯುವುದು ಇನ್ನೊಂದು. ನಾವು ಮೊದಲನೆಯದನ್ನು ಕೊಡೆವೆಂದರೆ ಅವನು ಎರಡನೆಯದನ್ನು ಹಿಡಿಯದೆ ಗತ್ಯಂತರವಿಲ್ಲ.

ಇದರ ಫಲವನ್ನು ಅಂಕಿಗಳಲ್ಲಿ ನೋಡೋಣ. ರೈತನೊಬ್ಬನ ಕೈಗೆ ಬೆಳೆ ಮಾರಿದ ೫೦,೦೦೦ ರೂಪಾಯಿ ಬಂದಿದೆ. ಅವನಿಗೆ ಅಷ್ಟೇ ಮೊತ್ತದ ಕೈಸಾಲವೂ ಇದೆ. ಬಡ್ಡಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ. ಮೂರೆಂದರೆ ಕಿವಿಗೆ ಸಣ್ಣದಾಗಿ ಕೇಳುತ್ತದೆ. ಆದರೆ ತಿಂಗಳಿಗೆ ೧,೫೦೦, ವರ್ಷಕ್ಕೆ ೧೮,೦೦೦ ರೂಪಾಯಿ ಆಯಿತು! ಅದೇ ಹಣವನ್ನು ಶೇಕಡ ೭ರ ಬಡ್ಡಿಗೆ ಠೇವಣಿಯಿಟ್ಟರೆ ವರ್ಷಕ್ಕೆ ಬರುವುದು ೩,೫೦೦. ಹಾಗಾದರೆ ಸರಿಯಾದ ಸಲಹೆ ಒಂದೇ: “ಮೊದಲು ಸಾಲ ತೀರಿಸಿ.” ಆದರೆ ಈ ಸಲಹೆಗೆ ಯಾವ ಕಂಪನಿಯೂ ಕಮಿಷನ್ ಕೊಡುವುದಿಲ್ಲ. ಮಾರಿ ಬದುಕಬೇಕಾದವನ ನಾಲಗೆಗೆ ಈ ಮಾತು ಬರುವುದು ಕಷ್ಟ. ಅವನು ಕೆಟ್ಟವನೆಂದಲ್ಲ, ಅವನ ಮನೆಯಲ್ಲೂ ಒಲೆ ಉರಿಯಬೇಕು. ೧,೦೦೦ ರೂಪಾಯಿ ಶುಲ್ಕ ಕೊಡಲು ಹಿಂದೆಗೆದ ರೈತನು ೧೮,೦೦೦ ರೂಪಾಯಿ ಬಡ್ಡಿ ತೆತ್ತಂತಾಯಿತು.

ಹಾಗೆಂದು ಕಮಿಷನ್ ಎಂದರೆ ಮೋಸವೆಂದೇ ತಿಳಿಯಬೇಕಾಗಿಲ್ಲ. ನಮ್ಮ ಉಡುಪಿಯ ಉದಾಹರಣೆಯೇ ಇದೆ. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಉಪೇಂದ್ರ ಅನಂತ ಪೈ, ಡಾ. ಟಿ. ಎಂ. ಎ. ಪೈ, ವಾಮನ ಕುಡ್ವ ಇವರು ೧೯೨೫ರಲ್ಲಿ ೮,೦೦೦ ರೂಪಾಯಿ ಬಂಡವಾಳದಿಂದ ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿತು. ೧೯೨೮ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಉಳಿಸಬಲ್ಲವನ ಬಾಗಿಲಿಗೂ ಏಜೆಂಟನು ಬಂದು ಹಣ ಪಡೆದ. ದಿನಕ್ಕೆರಡಾಣೆ ಎಂದರೆ ವರ್ಷಕ್ಕೆ ೪೫ ರೂಪಾಯಿ ೧೦ ಆಣೆ. ಅಂದಿನ ಬಡವನಿಗೆ ಅದು ಸಣ್ಣ ಗಂಟಲ್ಲ. ಏಜೆಂಟನಿಗೆ ಸಿಗುತ್ತಿದ್ದುದೂ ಕಮಿಷನ್ನೇ. ಆದರೆ ಮನೆಯವರ ಉಳಿತಾಯ ಬೆಳೆದಷ್ಟೂ ಅವನ ಸಂಪಾದನೆ ಬೆಳೆಯುತ್ತಿತ್ತು. ಇಬ್ಬರ ಹಿತವೂ ಒಂದೇ ದಾರಿಯಲ್ಲಿತ್ತು. ೨೦೨೦ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ, ಪಿಗ್ಮಿ ಎಂಬ ಮಾತು ನಮ್ಮ ಅಂಗಡಿ ಬೀದಿಗಳಲ್ಲಿ ಇನ್ನೂ ಬದುಕಿದೆ. ಕೊಡುವವನ ಹಿತ, ಪಡೆಯುವವನ ಹಿತ ಎರಡೂ ಬೇರೆಬೇರೆ ದಾರಿ ಹಿಡಿದಾಗಲೇ ತೊಡಕು.

ಈ ತೊಡಕನ್ನು ಕಂಡೇ ಸೆಬಿ ಮಂಡಳಿಯು ೨೦೧೩ರಲ್ಲಿ ಹೂಡಿಕೆ ಸಲಹೆಗಾರರಿಗೆ ನೋಂದಣಿಯ ನಿಯಮಗಳನ್ನು ಮಾಡಿತು. ೨೦೨೦ರ ತಿದ್ದುಪಡಿ ಇನ್ನೂ ಬಿಗಿಯಾಯಿತು: ಒಂದು ಕುಟುಂಬಕ್ಕೆ ಸಲಹೆ ನೀಡಿ ಶುಲ್ಕ ಪಡೆದವನು ಅದೇ ಕುಟುಂಬಕ್ಕೆ ಹೂಡಿಕೆಗಳನ್ನು ಮಾರಿ ಕಮಿಷನ್ ಪಡೆಯಕೂಡದು.

ಸಣ್ಣ ಊರಿನ ಸಲಹೆಗಾರನ ನಿಜವಾದ ಬಂಡವಾಳ ನಂಬಿಕೆ. ಸಂತೆಯಲ್ಲಿ, ಜಾತ್ರೆಯಲ್ಲಿ, ಮದುವೆಯ ಪಂಕ್ತಿಯಲ್ಲಿ ಅವನು ತನ್ನ ಗಿರಾಕಿಗಳ ಮುಖ ನೋಡಲೇಬೇಕು. ತಪ್ಪು ಸಲಹೆ ಕೊಟ್ಟು ತಲೆಮರೆಸಿಕೊಳ್ಳುವಂತಿಲ್ಲ. ದೂರದ ಕಂಪನಿಗಿಲ್ಲದ ಗುಣವಿದು. ಆದರೆ ‘ನಮ್ಮವರು’ ಎಂಬ ಒಂದೇ ಮಾತನ್ನು ನೆಚ್ಚಿದರೆ ಸಾಲದು. ೨೦೨೦ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ವಿಧಿಸಿದಾಗ, ಠೇವಣಿದಾರರು ೩೫,೦೦೦ ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಮರುತಿಂಗಳು ಬ್ಯಾಂಕು ಠೇವಣಿಗಳ ವಿಮೆಯ ಮಿತಿ ೧ ಲಕ್ಷದಿಂದ ೫ ಲಕ್ಷ ರೂಪಾಯಿಗೆ ಏರಿತು. ಆದರೆ ಬ್ಯಾಂಕಲ್ಲದ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ. ಎರಡು ಬೋರ್ಡುಗಳೂ ಒಂದೇ ಬೀದಿಯಲ್ಲಿದ್ದರೆ ವ್ಯತ್ಯಾಸ ಯಾರ ಕಣ್ಣಿಗೆ ಬೀಳುತ್ತದೆ? ಅದನ್ನು ತೋರಿಸಿಕೊಡುವುದೇ ಊರಿನ ಸಲಹೆಗಾರನ ಕೆಲಸ.

ಆದುದರಿಂದ ಅಂಥವರಲ್ಲಿಗೆ ಹೋದಾಗ ಸಂಕೋಚಪಡದೆ ಕೇಳಿ: ನಿಮಗೆ ಹಣ ಕೊಡುವವರು ಯಾರು, ನಾನೋ ಕಂಪನಿಯೋ? ನಿಮ್ಮ ನೋಂದಣಿಯ ಸಂಖ್ಯೆಯೇನು? ಈ ಸಲಹೆಯನ್ನು ಬರೆದುಕೊಡುವಿರಾ? ನಿಮ್ಮ ಹಣ ಅವರ ಸ್ವಂತ ಖಾತೆಗೆ ಎಂದೂ ಹೋಗದಿರಲಿ; ನೇರವಾಗಿ ಬ್ಯಾಂಕಿಗೋ ಸಂಸ್ಥೆಗೋ ಸಲ್ಲಲಿ. ಒಳ್ಳೆಯವರು ಈ ಪ್ರಶ್ನೆಗಳಿಗೆ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೆ ಅದೇ ನಿಮಗೆ ಉತ್ತರ.

ಉತ್ತರ ಸಮರ್ಪಕವಾಗಿದ್ದರೆ ಅವರಿಗೆ ಕಾಫಿಯನ್ನು ಅಗತ್ಯವಾಗಿ ಕೊಡಿ. ಜೊತೆಗೆ ಶುಲ್ಕವನ್ನೂ ಕೊಟ್ಟು ರಸೀತಿ ಪಡೆಯಿರಿ.