ಧಾತು ಹೋಗಿಲ್ಲ, ಧೈರ್ಯ ಕದ್ದಿದ್ದಾರೆ

ನಮ್ಮ ತಾಲ್ಲೂಕುಗಳ ಬಸ್ ಸ್ಟ್ಯಾಂಡಿನ ಮೂತ್ರಾಲಯದ ಗೋಡೆಗಳನ್ನು ಒಮ್ಮೆ ಓದಿ ನೋಡಿ. ಗುಪ್ತರೋಗ, ನರದೌರ್ಬಲ್ಯ, ಸ್ವಪ್ನಸ್ಖಲನ, ಹಸ್ತಮೈಥುನದಿಂದ ಆದ ಹಾನಿ, ಎಲ್ಲಕ್ಕೂ ಖಾತ್ರಿ ಚಿಕಿತ್ಸೆ. ಕೆಳಗೆ ಒಂದು ಲಾಡ್ಜಿನ ಹೆಸರು, ಒಂದು ತಾರೀಖು, ಒಂದು ಫೋನ್ ನಂಬರು. ನಮ್ಮ ಹುಡುಗರಲ್ಲಿ ಬಹಳ ಜನಕ್ಕೆ ಸಿಕ್ಕಿರುವ ಲೈಂಗಿಕ ಶಿಕ್ಷಣ ಇಷ್ಟೇ. ಸಂತಾನೋತ್ಪತ್ತಿಯ ಪಾಠ ಬಂದರೆ ಮೇಷ್ಟ್ರು 'ಮನೇಲಿ ಓದ್ಕೊಳ್ಳಿ' ಅಂತಾರೆ. ಮನೇಲಿ ಅಪ್ಪ ಬಾಯಿ ಬಿಡಲ್ಲ. ಬಾಯಿ ಬಿಡುವುದು ಗೋಡೆ ಮಾತ್ರ. ಅದೂ ಸುಳ್ಳು ಹೇಳಲಿಕ್ಕೆ.

ಭೂಮಿ, ಕೂಲಿ, ಮೀಸಲಾತಿ ಬಿಟ್ಟು ಇದೇನಪ್ಪಾ ಹೊಲಸು ಮಾತು ಎಂದು ಕೆಲವು ಗೆಳೆಯರು ಮುಖ ಸಿಂಡರಿಸಬಹುದು. ಹೊಲಸು ಅನ್ನುವ ಪದ ನಮಗೆ ಹೊಸದೇ? ನಮ್ಮ ಮೈಯನ್ನು, ನೆರಳನ್ನು, ನೀರನ್ನು ಹೊಲಸು ಅಂದವರ ನಡುವೆ ಬದುಕಿ ಬಂದವರು ನಾವು. ಮೈಯ ಸಹಜ ಕ್ರಿಯೆಯೊಂದನ್ನು ಹೊಲಸು ಎಂದು ಕರೆದು ಅದರ ಮೇಲೆ ವ್ಯಾಪಾರ ನಡೆಸುವವರನ್ನು ಸುಮ್ಮನೆ ಬಿಡಬೇಕೆ?

ಆ ಲಾಡ್ಜಿನ ಮೆಟ್ಟಿಲು ಹತ್ತುವವರು ಯಾರು? ಗಾರೆ ಕೆಲಸದ ಹುಡುಗ, ಗದ್ದೆಯಲ್ಲಿ ದುಡಿಯುವವ, ಹಾಸ್ಟೆಲಿನಲ್ಲಿ ಓದುವ ಕೇರಿಯ ಮಗ. ಬಾಯಲ್ಲಿ ಒಂದೇ ದೂರು: 'ಧಾತು ಹೋಗ್ತದೆ.' ಸುಸ್ತು, ಸೊಂಟನೋವು, ನಿದ್ದೆ ಇಲ್ಲ, ಓದಿದ್ದು ತಲೆಗೆ ಹತ್ತಲ್ಲ, ಮದುವೆ ಅಂದರೆ ಎದೆ ನಡುಗುತ್ತದೆ. ಎಲ್ಲಕ್ಕೂ ತನ್ನ ಕೈಯೇ ಕಾರಣ ಎಂದು ಅವನು ನಂಬಿದ್ದಾನೆ. ೧೯೬೦ರಲ್ಲಿ ಮನೋವೈದ್ಯ ಎನ್. ಎನ್. ವಿಗ್ ಈ ನರಳಾಟಕ್ಕೆ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಹೀಗೆ ಬರುವವರಲ್ಲಿ ಅನೇಕರಿಗೆ ಖಿನ್ನತೆ, ಆತಂಕ ಇರುವುದನ್ನು ಮನೋವೈದ್ಯರು ಮತ್ತೆ ಮತ್ತೆ ಕಂಡಿದ್ದಾರೆ. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು: ಅವನ ಮನಸ್ಸನ್ನು ಕೆಡಿಸಿದ್ದು ಹಸ್ತಮೈಥುನವಲ್ಲ, ಹಸ್ತಮೈಥುನದ ಬಗ್ಗೆ ಅವನ ತಲೆಗೆ ತುಂಬಿದ ಭಯ.

ವಿಜ್ಞಾನ ಹೇಳುವುದು ಸರಳ. ಹುಡುಗ ಪ್ರಾಯಕ್ಕೆ ಬಂದ ಮೇಲೆ ವೃಷಣಗಳಲ್ಲಿ ವೀರ್ಯಾಣು ಹುಟ್ಟುತ್ತಲೇ ಇರುತ್ತವೆ. ಒಂದು ಸಲಕ್ಕೆ ಹೊರಬರುವುದು ಹೆಚ್ಚೆಂದರೆ ಒಂದು ಚಮಚದಷ್ಟು ದ್ರವ. ಅದರ ಬಹುಭಾಗ ಹತ್ತಿರದ ಗ್ರಂಥಿಗಳ ರಸ. ಹೊರಹೋಗದೆ ಉಳಿದ ವೀರ್ಯಾಣುಗಳನ್ನು ಮೈ ತಾನೇ ಹೀರಿಕೊಳ್ಳುತ್ತದೆ. ಕೆಲವೊಮ್ಮೆ ವೀರ್ಯ ನಿದ್ದೆಯಲ್ಲಿ ತಾನೇ ಹೋಗುತ್ತದೆ. ಇದರಿಂದ ರಕ್ತ ಬತ್ತಲ್ಲ, ನರ ಸೋಲಲ್ಲ, ಹುಚ್ಚು ಹಿಡಿಯಲ್ಲ. ಅಮೆರಿಕದ ಕಿನ್ಸಿ ೧೯೪೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡಸರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಇದನ್ನು ಮಾಡಿದವರೇ. ಹೆಂಗಸರಲ್ಲೂ ಇದು ಉಂಟು, ಸಹಜವೂ ಹೌದು.

ಹಾಗಾದರೆ ಈ ಭಯ ಎಲ್ಲಿಂದ ಬಂತು? ಮನುಸ್ಮೃತಿಯ ಎರಡನೇ ಅಧ್ಯಾಯ ತೆಗೆಯಿರಿ. ಬ್ರಹ್ಮಚಾರಿ ಬೇಕೆಂದೇ ವೀರ್ಯ ಕಳೆದರೆ ವ್ರತಭಂಗ. ನಿದ್ದೆಯಲ್ಲಿ ತಾನೇ ಹೋದರೂ ಸ್ನಾನ ಮಾಡಬೇಕು, ಸೂರ್ಯನನ್ನು ಪೂಜಿಸಬೇಕು, ಋಕ್ಕನ್ನು ಮೂರು ಸಲ ಜಪಿಸಬೇಕು. ಗಮನಿಸಿ, ಈ ಕಟ್ಟಳೆ ವೇದ ಓದುವ ದ್ವಿಜ ಹುಡುಗನಿಗೆ. ನಮ್ಮ ಅಜ್ಜಂದಿರಿಗೆ ಆ ಅಕ್ಷರದ ಬಾಗಿಲೇ ತೆರೆದಿರಲಿಲ್ಲ. ಓದು ಕೊಡದವರು ಪಾಪವನ್ನು ಮಾತ್ರ ಧಾರಾಳವಾಗಿ ಹಂಚಿದರು. ವೇದ ಅವರಿಗೆ, ವೇದನೆ ನಮಗೆ! ನಲವತ್ತು ತೊಟ್ಟು ರಕ್ತ ಸೇರಿದರೆ ಒಂದು ತೊಟ್ಟು ವೀರ್ಯ ಎಂಬ ಲೆಕ್ಕ ಊರೂರಿಗೂ ಹಬ್ಬಿತು. ಗಾಂಧೀಜಿಯೂ ವೀರ್ಯರಕ್ಷಣೆಯನ್ನೇ ಶಕ್ತಿಯ ಮೂಲವೆಂದು ಬೋಧಿಸಿದರು. ಈಗ ಅದೇ ಬ್ರಹ್ಮಚರ್ಯದ ಉಪದೇಶ ಮೊಬೈಲಿನ ವಿಡಿಯೋಗಳಲ್ಲಿ ಹೊಸ ಅಂಗಿ ತೊಟ್ಟು ಬಂದಿದೆ.

ಬಿಳಿಯರೇನೂ ಕಮ್ಮಿಯಿಲ್ಲ. ೧೮ನೇ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ 'ಒನಾನಿಯಾ' ಎಂಬ ಕಿರುಹೊತ್ತಗೆ ಹಸ್ತಮೈಥುನದ ಘೋರ ಫಲಗಳನ್ನು ಹೇಳಿ ಹೆದರಿಸಿ, ಜೊತೆಗೇ ಔಷಧಿಯನ್ನೂ ಮಾರಿತು. ೧೭೬೦ರಲ್ಲಿ ಸ್ವಿಸ್ ವೈದ್ಯ ಟಿಸ್ಸೊ ಅದೇ ಭಯಕ್ಕೆ ವೈದ್ಯಶಾಸ್ತ್ರದ ಮುದ್ರೆ ಒತ್ತಿದ. ಮೊದಲು ಹೆದರಿಸು, ಆಮೇಲೆ ಔಷಧಿ ಮಾರು. ಪುರೋಹಿತನ ಶಾಂತಿಹೋಮದ ವ್ಯಾಪಾರವೂ ಇದೇ ಅಲ್ಲವೇ?

ಈ ಸುಳ್ಳಿಗೆ ಇನ್ನೊಂದು ಕೆಲಸವಿದೆ. ಸುಸ್ತು ಸುಳ್ಳಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ೧೫ರಿಂದ ೧೯ ವರ್ಷದ ಹುಡುಗರಲ್ಲಿ ಶೇಕಡ ೩೧ ಮಂದಿಗೆ, ಹುಡುಗಿಯರಲ್ಲಿ ಶೇಕಡ ೫೯ ಮಂದಿಗೆ ರಕ್ತಹೀನತೆ. ತಟ್ಟೆಯಲ್ಲಿ ಸೊಪ್ಪಿಲ್ಲ, ಮೊಟ್ಟೆಯಿಲ್ಲ. ದುಡಿತಕ್ಕೆ ತಕ್ಕ ಕೂಲಿಯಿಲ್ಲ, ಮಲಗಲು ಜಾಗವಿಲ್ಲ. 'ನಿನ್ನ ನಿಶ್ಶಕ್ತಿಗೆ ನಿನ್ನ ಚಟ ಕಾರಣ' ಅಂದುಬಿಟ್ಟರೆ ಇದ್ಯಾವುದನ್ನೂ ಯಾರೂ ಕೇಳುವ ಹಾಗಿಲ್ಲ. ಹಸಿದವನು ಧಣಿಯ ಕಡೆ ನೋಡುವುದು ಬಿಟ್ಟು ತನ್ನ ಕೈಯನ್ನೇ ನೋಡಿಕೊಂಡು ನಾಚುತ್ತಾನೆ. ವಾರದ ಕೂಲಿಯನ್ನು ಲೇಹ್ಯದ ಡಬ್ಬಿಗೆ ಸುರಿಯುತ್ತಾನೆ. ಲೇಹ್ಯಕ್ಕೆ ರೋಗ ಹೋಗಲ್ಲ, ಯಾಕೆಂದರೆ ಅಲ್ಲಿ ಹೋಗಬೇಕಾದ ರೋಗವೇ ಇರಲಿಲ್ಲ. ಇದ್ದ ಖಿನ್ನತೆಗೆ ಚಿಕಿತ್ಸೆಯೇ ಆಗಲಿಲ್ಲ.

ಕಾನೂನು ಇಲ್ಲವೇ? ಇದೆ ಸ್ವಾಮಿ. ೧೯೫೪ರ ಔಷಧಿ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯಿದೆಯ ಪ್ರಕಾರ ಲೈಂಗಿಕ ಸುಖದ ಶಕ್ತಿ ಹೆಚ್ಚಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದೇ ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಸಜೆ. ಆದರೂ ಗೋಡೆಗಳು ಮಾತಾಡುತ್ತಲೇ ಇವೆ. ಸರಿಯಾದ ಮಾತನ್ನು ಆಡಹೊರಟಾಗ ಮಾತ್ರ ಸರ್ಕಾರಕ್ಕೆ ಸಂಸ್ಕೃತಿಯ ನೆನಪಾಗುತ್ತದೆ. ೨೦೦೭ರಲ್ಲಿ ಶಾಲೆಗಳಿಗೆ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬಂದಾಗ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ತಡೆದು ನಿಲ್ಲಿಸಿದವು.

ಇದು ಚಳವಳಿಯ ವಿಷಯವಲ್ಲ ಅನ್ನುವವರು ಬಾಬಾಸಾಹೇಬರ ಕಡೆ ನೋಡಲಿ. ಮುಂಬಯಿಯ ಗಣಿತದ ಮೇಷ್ಟ್ರು ರಘುನಾಥ ಧೋಂಡೊ ಕರ್ವೆ ೧೯೨೧ರಲ್ಲಿ ಸಂತಾನನಿಯಂತ್ರಣದ ಕೇಂದ್ರ ತೆರೆದರು. ೧೯೨೭ರಿಂದ 'ಸಮಾಜಸ್ವಾಸ್ಥ್ಯ' ಎಂಬ ಮರಾಠಿ ಮಾಸಿಕ ನಡೆಸಿದರು. ಹಸ್ತಮೈಥುನದಂಥ ವಿಷಯಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆಂದು ಅವರ ಮೇಲೆ ಅಶ್ಲೀಲತೆಯ ಮೊಕದ್ದಮೆ ಬಿತ್ತು. ೧೯೩೪ರಲ್ಲಿ ಅವರ ಪರವಾಗಿ ಕೋರ್ಟಿನಲ್ಲಿ ನಿಂತ ವಕೀಲರು ಡಾ. ಬಿ. ಆರ್. ಅಂಬೇಡ್ಕರ್. ಲೈಂಗಿಕ ವಿಷಯ ಬರೆದ ಮಾತ್ರಕ್ಕೆ ಅದು ಅಶ್ಲೀಲವಾಗುವುದಿಲ್ಲ, ಜನ ಕೇಳಿದ್ದಕ್ಕೆ ಉತ್ತರ ಕೊಡುವುದು ತಪ್ಪಲ್ಲ ಎಂಬುದು ಅವರ ವಾದ. ಮೊಕದ್ದಮೆ ಸೋತಿತು, ಕರ್ವೆಯವರಿಗೆ ದಂಡ ಬಿತ್ತು. ೧೯೨೭ರ ಡಿಸೆಂಬರ್ ೨೫ರಂದು ಮಹಾಡಿನಲ್ಲಿ ಮನುಸ್ಮೃತಿಯನ್ನು ಸುಟ್ಟ ಅದೇ ಕೈ ಈ ವಕಾಲತ್ತಿಗೂ ಸಹಿ ಹಾಕಿತು. ನಮಗೆ ಇಷ್ಟು ಸಾಕು.

ಹೆಂಗಸರ ಮಾತು ಬಂದರೆ ಮೌನ ಇನ್ನೂ ದಪ್ಪ. ಬಿಳಿ ಸೆರಗಿನಿಂದಲೇ ಸುಸ್ತು ಎಂದು ಎಷ್ಟೋ ತಾಯಂದಿರು, ಅಕ್ಕಂದಿರು ಒಳಗೊಳಗೇ ನವೆಯುತ್ತಾರೆ. ಸೋಂಕಿದ್ದರೆ ಔಷಧಿ ಬೇಕೇ ಬೇಕು. ಆದರೆ ಎಷ್ಟೋ ಸಲ ಅದರ ಹಿಂದೆ ಇರುವುದು ಹೊಡೆತ, ದುಡಿತ, ದುಃಖ. ಅದನ್ನು ಕೇಳುವ ಕಿವಿ ನಮ್ಮ ಸಂಘಟನೆಗಳಲ್ಲೂ ಇರಬೇಕು.

ಎಲ್ಲವೂ ಸರಿ, ಏನೂ ತೊಂದರೆಯೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಬೇಡ ಅಂದರೂ ತಡೆಯಲಾಗದೆ ಓದು, ಕೆಲಸ, ಸಂಬಂಧ ಎಲ್ಲ ಹಾಳಾಗುತ್ತಿದ್ದರೆ ಡಾಕ್ಟರ ಹತ್ತಿರ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ, ೨೦೨೨ರಲ್ಲಿ ಜಾರಿಗೆ ಬಂದದ್ದು, ಹತೋಟಿ ತಪ್ಪಿದ ಲೈಂಗಿಕ ವರ್ತನೆಯನ್ನು ಒಂದು ತೊಂದರೆಯೆಂದೇ ಗುರುತಿಸಿದೆ. ಅದರ ಜೊತೆಗೇ, 'ಪಾಪ ಮಾಡಿದೆ' ಎಂಬ ನೈತಿಕ ಕೊರಗೊಂದನ್ನೇ ರೋಗವೆನ್ನುವ ಹಾಗಿಲ್ಲ ಎಂದೂ ಹೇಳಿದೆ.

ಹಳ್ಳಿಯ ಮೇಷ್ಟ್ರೇ, ಆ ಪಾಠವನ್ನು ದಾಟಿಸಬೇಡಿ. ಹಾಸ್ಟೆಲಿನ ಗೆಳೆಯರೇ, ಒಂದು ಸಂಜೆ ಸರ್ಕಾರಿ ಆಸ್ಪತ್ರೆಯ ಡಾಕ್ಟರನ್ನು ಕರೆಸಿ. ಹೆಸರಿಲ್ಲದ ಚೀಟಿಗಳಲ್ಲಿ ಪ್ರಶ್ನೆ ಕೇಳಿಸಿ. ಕಾರ್ಯಕರ್ತರೇ, ಗೋಡೆಬರಹದ ಫೋಟೋ ತೆಗೆದು ಪೊಲೀಸರಿಗೆ ದೂರು ಕೊಡಿ. ರಾತ್ರಿ ನಿದ್ದೆ ಬಾರದೆ ಸಾಯುವ ಯೋಚನೆ ಬಂದ ಹುಡುಗನಿಗೆ ೧೪೪೧೬ ಎಂಬ ನಂಬರು ಬಾಯಿಪಾಠ ಮಾಡಿಸಿ. ಅದು ೨೦೨೨ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ.

ಹೆದರಿದ ಹುಡುಗ ಹೋರಾಟಕ್ಕೆ ಬರಲ್ಲ, ಕಂಬಳಿ ಹೊದ್ದು ಗೋಡೆ ಕಡೆ ಮುಖ ಮಾಡಿ ಮಲಗ್ತಾನೆ. ಅವನ ಪಕ್ಕ ಕೂತು, 'ನೀನು ಪಾಪ ಮಾಡಿಲ್ಲ ಕಣೋ, ಏಳು' ಅನ್ನುವುದು ಚಳವಳಿಯ ಕೆಲಸವೇ.