ತೋಪಿಗೆ ಬೇಲಿ ಬಿದ್ದ ಮೇಲೆ

ಆಲೂರು ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ನಮ್ಮ ಹುಡುಗರು ಬಡಾವಣೆಗಳ ಪಾರ್ಕಿನ ಗೇಟು ನೋಡಿ ಬಂದಿದ್ದಾರೆ. ಒಳಗೆ ಹುಲ್ಲುಹಾಸು, ಕ್ರೋಟನ್ ಗಿಡ, ಕಲ್ಲುಬೆಂಚು. ನಡುವೆ ಒಂದು ಮುದಿ ಹುಣಸೆಮರ ಇದ್ದರೆ ಅದನ್ನು ನೆಟ್ಟವರು ಯಾರು ಅಂತ ಕೇಳಬೇಕು. ಬಡಾವಣೆಗೆ ಮುಂಚೆ ಅಲ್ಲಿ ಊರಿತ್ತು, ಊರಿಗೊಂದು ಗುಂಡುತೋಪು ಇತ್ತು. ದಾಖಲೆಯಲ್ಲಿ ಸರ್ಕಾರದ್ದು, ಬಳಕೆಯಲ್ಲಿ ಊರಿನದು. ದನ ಮಲಗೋದು ಅಲ್ಲೇ, ಸೌದೆ ಆಯೋದು ಅಲ್ಲೇ, ದಾರಿಹೋಕರು ಬುತ್ತಿ ಬಿಚ್ಚೋದೂ ಅಲ್ಲೇ. ನಗರ ಊರನ್ನು ನುಂಗಿದಾಗ ಎಷ್ಟೋ ತೋಪುಗಳು ರಸ್ತೆ, ಕಟ್ಟಡಗಳಾದವು. ಉಳಿದ ಕೆಲವು ಪಾರ್ಕಾದವು.

ಹಾಗಂತ ಹಳೇ ತೋಪನ್ನು ನೆನೆದು ಕಣ್ಣೀರು ಹಾಕುವವರು ನಾವಲ್ಲ. ಊರಿನದು ಅಂದರೆ ಕೇರಿಯದೂ ಹೌದೆ? ಮಹಾಡಿನ ಚೌದಾರ್ ಕೆರೆಯೂ ಸಾರ್ವಜನಿಕವೇ ಆಗಿತ್ತು. ಅಂಥ ಜಾಗಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು 1923ರಲ್ಲೇ ಮುಂಬಯಿ ಶಾಸನಸಭೆ ನಿರ್ಣಯ ಮಾಡಿತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರ ಜೊತೆ ಹೋಗಿ ಬೊಗಸೆ ನೀರು ಕುಡಿದ ನಮ್ಮವರನ್ನು ಹೊಡೆದರು. ಆಮೇಲೆ ಕೆರೆಗೆ ಸಗಣಿ, ಗಂಜಲ ಸುರಿದು ಶುದ್ಧಿ ಬೇರೆ ಮಾಡಿದರು! ಸಂವಿಧಾನದ 15(2)ನೇ ವಿಧಿ ಬಾವಿ, ಕೆರೆ, ರಸ್ತೆ, ಜನ ಸೇರುವ ಜಾಗ ಅಂತ ಒಂದೊಂದನ್ನೂ ಹೆಸರಿಸಿ ಹೇಳಿದ್ದು ಸುಮ್ಮನೆ ಅಲ್ಲ. ಇವತ್ತು ಪಾರ್ಕಿನ ಗೇಟಿನಲ್ಲಿ ಜಾತಿ ಕೇಳುವಂತಿಲ್ಲ. ಅದು ನಮ್ಮ ಗೆಲುವೇ.

ಆದರೆ ಗೇಟಿಗೆ ಬೇರೆ ಕಾನೂನಿದೆ. ದನ ಬರಬಾರದು, ಸೌದೆ ಮುಟ್ಟಬಾರದು, ಮಲಗಬಾರದು. ಬೆಂಗಳೂರಿನ ಪಾರ್ಕುಗಳು ಬಹುಕಾಲ ನಡುಮಧ್ಯಾಹ್ನ ಬಾಗಿಲು ಹಾಕುತ್ತಿದ್ದವು. ಗಾರೆ ಕೆಲಸದವನಿಗೆ ನೆರಳು ಬೇಕಾದದ್ದು ಆ ಹೊತ್ತಿಗೇ ಅಲ್ಲವೆ? ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಿ ಎಂದು ಆಗಿನ ಬಿಬಿಎಂಪಿ ಹೇಳಿದ್ದು 2024ರಲ್ಲಿ. 1985ರ ಉದ್ಯಾನಗಳ ಕಾಯ್ದೆ ಪಾರ್ಕನ್ನು ಪರಭಾರೆ ಆಗದಂತೆ ಕಾಯುತ್ತದೆ, ಒಳ್ಳೇದೇ. ತೋಪಿನಲ್ಲಿ ಕುರಿ ಮೇಯಿಸುತ್ತಿದ್ದವಳನ್ನು ಯಾವ ಕಾಯ್ದೆ ಕಾಯಿತು?

ಬೆಂಗಳೂರಿನ ಮಾತು ನಮಗ್ಯಾಕೆ ಅನ್ನಬೇಡಿ. ನೂರು ದನಕ್ಕೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ ಗೋಮಾಳ ಬಿಡಬೇಕೆನ್ನುತ್ತದೆ ಕಂದಾಯ ನಿಯಮ. ನಮ್ಮ ಆಲೂರು, ಸಕಲೇಶಪುರದ ಗುಡ್ಡಗಳಲ್ಲಿ ಸರ್ಕಾರಿ ಜಮೀನಿಗೆ ಕಾಫಿ ಬೇಲಿ ಬಂದಿದೆ. ಒತ್ತುವರಿ ಮಾಡಿದವರಿಗೇ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ಕಂದಾಯ ಕಾಯ್ದೆಗೆ ತಿದ್ದುಪಡಿಯೂ ಆಗಿದೆ. ಕೇರಿಯವರು ಹೆಣ ಹೂಳಲು ಆರಡಿ ಕೇಳಿದರೆ ಮಾತ್ರ ಜಾಗ ಎಲ್ಲಿದೆ ಅನ್ನುತ್ತಾರೆ. ಉಳಿದ ತುಂಡಿನಲ್ಲಿ ನಾಳೆ ಪಾರ್ಕು ಮಾಡುತ್ತೇವೆ ಅಂದರೆ ನಾವು ಬೇಡವೆನ್ನುವುದಿಲ್ಲ. ಬೇಲಿ ಹಾಕುವ ಮುಂಚೆ ಕೇರಿಗೆ ಬಂದು ಕೇಳಲಿ.

ಸಭೆಗೆ ಬರುವವರು ನಿಮ್ಮೂರಿನ ತೋಪು, ಗೋಮಾಳಗಳ ಸರ್ವೆ ನಂಬರು ಬರೆದು ತನ್ನಿ. ಪಹಣಿ ತೆಗೆಸೋಣ.